ತಾಲೀಮಿನ ಮನೆ, ರಂಗದ ಮನೆ

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಗಬ್ಬೂರು ಪುರಾತನ ದೇವಾಲಯಗಳಿಗೂ ಶಿಲಾಶಾಸನಗಳಿಗೂ ಹೆಸರಾದ ಊರು. ಭೂದಾನವನ್ನು ಕಲ್ಲಿನಲ್ಲಿ ಕೊರೆಯಿಸುತ್ತಿದ್ದ ಕಾಲ ಹೋಯಿತು. ಪಟವಾರಿಯ ದಫ್ತರದ ಕಾಲವೂ ಸಂದಿತು. ಇಂದು ಅಲ್ಲಿಯ ರೈತನು ಹತ್ತಿಯ ಬೆಳೆಗೆ ಬ್ಯಾಂಕಿನ ಸಾಲ ಪಡೆಯಲು ತೋರಿಸಬೇಕಾದ ಪಹಣಿ ಇರುವುದು ನಾನೂರು ಕಿಲೋಮೀಟರಿಗೂ ಮಿಕ್ಕ ದೂರದ ಬೆಂಗಳೂರಿನ ಗಣಕಯಂತ್ರಗಳಲ್ಲಿ. ಶುಲ್ಕ ತೆತ್ತು ಕೇಳಿದರೆ ಅದು ಕಾಗದದ ಮೇಲೆ ಮೂಡಿ ಕೈಸೇರುತ್ತದೆ.

ಈ ವ್ಯವಸ್ಥೆಯ ಹೆಸರು ‘ಭೂಮಿ’. ಎನ್.ಐ.ಸಿ. ಸಂಸ್ಥೆಯ ತಂತ್ರಜ್ಞರು ರಚಿಸಿದ ತಂತ್ರಾಂಶದ ನೆರವಿನಿಂದ, ಈ ಶತಮಾನದ ಮೊದಲ ವರ್ಷಗಳಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೇರಿದವು. ಮೊದಲು ಆಯಾ ತಾಲ್ಲೂಕು ಕಚೇರಿಯ ಯಂತ್ರದಲ್ಲಿಯೇ ಇದ್ದ ದಾಖಲೆಗಳನ್ನು ಅನಂತರ ರಾಜಧಾನಿಯ ದತ್ತಾಂಶ ಕೇಂದ್ರಕ್ಕೆ ಸೇರಿಸಲಾಯಿತು.

ಆದರೆ ತಂತ್ರಾಂಶವೆಂಬುದು ಒಮ್ಮೆ ಬರೆದು ಮುಗಿಸುವ ವಸ್ತುವಲ್ಲ. ಶುಲ್ಕ ಬದಲಾಗುತ್ತದೆ, ಕಾಯಿದೆಗೆ ತಿದ್ದುಪಡಿಯಾಗುತ್ತದೆ, ನಮೂನೆಗೆ ಹೊಸ ಕಲಮು ಸೇರುತ್ತದೆ. ಆ ಬದಲಾವಣೆಯನ್ನು ಪರೀಕ್ಷಿಸುವುದೆಲ್ಲಿ? ನಿಜವಾದ ದಾಖಲೆಗಳ ಮೇಲೆಯೇ ಪರೀಕ್ಷಿಸಹೊರಟು ಒಂದು ಸಾಲು ತಪ್ಪಿದರೆ, ಒಬ್ಬರ ಹೊಲ ಮತ್ತೊಬ್ಬರ ಹೆಸರಿಗೆ ನಿಂತೀತು.

ಆದುದರಿಂದಲೇ ಇಂತಹ ಯಾವ ಜಾಲಸೇವೆಗೂ ಎರಡು ಮನೆಗಳಿರಬೇಕೆಂಬುದು ಬಲ್ಲವರ ಪದ್ಧತಿ. ದೊಡ್ಡಾಟದ ಮೇಳದವರು ತಾಲೀಮು ನಡೆಸುವ ಮನೆಯೊಂದು, ಆಟವಾಡುವ ಅಟ್ಟ ಮತ್ತೊಂದು ಇರುವುದಿಲ್ಲವೆ? ಹಾಗೆಯೇ ಇದು. ತಂತ್ರಜ್ಞನ ಸ್ವಂತ ಯಂತ್ರವೇ ತಾಲೀಮಿನ ಮನೆ. ಸಾಮಾನ್ಯವಾಗಿ ಅಲ್ಲಿ ಸೇವೆಯ ವಿಳಾಸ 127.0.0.1, ಯಂತ್ರವು ತನ್ನನ್ನು ತಾನೇ ಕರೆದುಕೊಳ್ಳುವ ಸಂಖ್ಯೆ ಅದು, ಹೊರಗಿನವರಿಗೆ ಆ ಬಾಗಿಲಿಲ್ಲ. ಅಲ್ಲಿರುವ ಪಹಣಿಗಳು ಕಲ್ಪಿತ ಹೆಸರುಗಳವು. ರಂಗದ ಮನೆ ದತ್ತಾಂಶ ಕೇಂದ್ರ. ಅಲ್ಲಿ ನಿಜವಾದ ದಾಖಲೆ, ನಿಜವಾದ ಜನ. ದೊಡ್ಡ ಸೇವೆಗಳಿಗೆ ಇವೆರಡರ ನಡುವೆ, ವೇಷ ಕಟ್ಟಿ ಆಡಿನೋಡುವ ಮೂರನೆಯ ಮನೆಯೂ ಉಂಟು.

ಎರಡೂ ಮನೆಗಳಲ್ಲಿ ನಡೆಯುವ ತಂತ್ರಾಂಶ ಒಂದೇ; ಬೇರೆಯಾಗುವುದು ಅದರ ಹೊಂದಿಕೆಗಳು ಮಾತ್ರ. ದಾಖಲೆಯ ಕಣಜ ಯಾವುದು, ಅದರ ಗುಪ್ತಪದವೇನು, ದೋಷ ಕಂಡಾಗ ಏನು ಹೇಳಬೇಕು ಎಂಬಿವೇ ಹೊಂದಿಕೆಗಳು. ತಾಲೀಮಿನಲ್ಲಿ ತಪ್ಪಿದರೆ ಎಲ್ಲಿ, ಯಾವ ಸಾಲಿನಲ್ಲಿ ಎಂದು ಯಂತ್ರವು ವಿವರವಾಗಿ ಸಾರಬೇಕು. ರಂಗದಲ್ಲಿ ಅದೇ ವಿವರ ಪರದೆಯ ಮೇಲೆ ಮೂಡಿದರೆ ಕಳ್ಳನಿಗೆ ಮನೆಯ ನಕ್ಷೆ ಕೊಟ್ಟಂತಾಯಿತು. ಅಲ್ಲಿ ನಾಗರಿಕನಿಗೆ ಒಂದು ಸೌಜನ್ಯದ ಮಾತು ಸಾಕು, ವಿವರವು ಒಳಗಿನ ದಿನಚರಿಗೆ ಸೇರಬೇಕು. ಗಡಿಯಾರವೂ ಹೀಗೆಯೇ. ಸೇವಾಯಂತ್ರವು ಗ್ರೀನಿಚ್ ಕಾಲವನ್ನನುಸರಿಸಿ, ಅದನ್ನು ಭಾರತದ ವೇಳೆಗೆ ತಿರುಗಿಸುವ ಏರ್ಪಾಡು ಇಲ್ಲದಿದ್ದರೆ, ಬೆಳಗಿನ ಜಾವ ಐದಕ್ಕೆ ಸಲ್ಲಿಸಿದ ಅರ್ಜಿಗೆ ಹಿಂದಿನ ದಿನದ ತಾರೀಖು ಬೀಳುತ್ತದೆ. ಕೊನೆಯ ದಿನಾಂಕಗಳ ವ್ಯವಹಾರದಲ್ಲಿ ಇದು ಸಣ್ಣ ಮಾತಲ್ಲ.

ಈ ಹೊಂದಿಕೆಗಳನ್ನು ತಂತ್ರಾಂಶದೊಳಗೆ ಬರೆಯದೆ ಹೊರಗಿಡಬೇಕೆಂಬುದು ಮುಖ್ಯ ನಿಯಮ. ಅಮೆರಿಕದ ಹೆರೊಕು ಸಂಸ್ಥೆಯ ಆ್ಯಡಂ ವಿಗಿನ್ಸ್ 2011ರ ಸುಮಾರಿಗೆ ಪ್ರಕಟಿಸಿದ ಹನ್ನೆರಡು ಸೂತ್ರಗಳಲ್ಲಿ ಮೂರನೆಯದು ಇದೇ. ಅದಕ್ಕೆ ಸುಲಭವಾದ ಒರೆಗಲ್ಲೂ ಅಲ್ಲಿದೆ: ತಂತ್ರಾಂಶವನ್ನು ಈ ಕ್ಷಣವೇ ಲೋಕಕ್ಕೆಲ್ಲ ತೆರೆದಿಟ್ಟರೂ ಒಂದು ಗುಪ್ತಪದವೂ ಬಯಲಾಗಬಾರದು. ಹಾಡಿನ ಪುಸ್ತಕ ಎಲ್ಲರ ಕೈಗೂ ಹೋಗಬಹುದು. ಪೆಟ್ಟಿಗೆಯ ಬೀಗದಕೈ ಅದರ ಹಾಳೆಗಳ ನಡುವೆ ಇರಕೂಡದು.

ಗಬ್ಬೂರಿನ ರೈತನಿಗೆ ಈ ಎರಡು ಮನೆಗಳ ಸಂಗತಿ ತಿಳಿದಿರಬೇಕಾಗಿಲ್ಲ. ಆದರೆ ಯಾವನೋ ತಂತ್ರಜ್ಞನು ತಾಲೀಮೆಂದು ತಿಳಿದು ಅಳಿಸಿದ ಸಾಲು ರಂಗದ್ದಾಗಿದ್ದರೆ, ಬಿತ್ತನೆಯ ಹೊತ್ತಿಗೆ ಸಾಲ ದೊರೆಯದೆ ಕಚೇರಿಯಿಂದ ಕಚೇರಿಗೆ ಅಲೆಯುವವನು ಅವನೇ. ನಡುವಣ ಗೋಡೆ ಭದ್ರವಾಗಿರಬೇಕಾದುದು ಅವನಿಗಾಗಿ.