ಹೆಸರು ಬರೆದವರು ಕಾರಣವನ್ನೂ ಬರೆಯಲಿ

2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಚಲಿಸುತ್ತಿದ್ದ ಆಟೊರಿಕ್ಷಾದೊಳಗೆ ಕುಕ್ಕರ್ ಬಾಂಬ್ ಸಿಡಿಯಿತು. ಚಾಲಕನೂ ಪ್ರಯಾಣಿಕನೂ ಸುಟ್ಟ ಗಾಯಗಳೊಂದಿಗೆ ಆಸ್ಪತ್ರೆ ಸೇರಿದರು. ಪ್ರಯಾಣಿಕನ ಬಳಿ ಇದ್ದ ಆಧಾರ್ ಕಾರ್ಡ್ ಹುಬ್ಬಳ್ಳಿ ಮೂಲದ ಇನ್ನೊಬ್ಬರದು. ಅವರಿಗೂ ಸ್ಫೋಟಕ್ಕೂ ಯಾವ ಸಂಬಂಧವೂ ಇರಲಿಲ್ಲ. ಕಾರ್ಡ್ ಅವರ ಕೈತಪ್ಪಿ ಹೋಗಿತ್ತು, ಅಷ್ಟೇ. ಆದರೂ ಮೊದಲ ಕೆಲವು ಗಂಟೆ ಪೊಲೀಸರ ವಿಚಾರಣೆ, ಟಿವಿ ವಾಹಿನಿಗಳ ಕೂಗಾಟ ಎಲ್ಲವೂ ಸುತ್ತಿದ್ದು ಅವರ ಹೆಸರನ್ನೇ. ಅದೇ ಹೆಸರು ಹೇಳಿಕೊಂಡು ಆರೋಪಿಯಾದ ಆ ಪ್ರಯಾಣಿಕ ಮೈಸೂರಿನ ಲೋಕನಾಯಕ ನಗರದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ. ಶಿವಮೊಗ್ಗದ ಪ್ರಕರಣವೊಂದರಲ್ಲಿ ಪೊಲೀಸರು ಹುಡುಕುತ್ತಿದ್ದವನು ಅವನು. ಅಂದರೆ ಹುಡುಕಬೇಕಾದವರ ಪಟ್ಟಿಯಲ್ಲಿ ಅವನ ನಿಜ ಹೆಸರು ಇದ್ದೇ ಇತ್ತು. ಪಟ್ಟಿಯಲ್ಲಿದ್ದವನು ಪಟ್ಟಿಯ ಕಣ್ಣಿಗೆ ಬೀಳಲಿಲ್ಲ, ಪಟ್ಟಿಗೆ ಸೇರದವರ ಮನೆಗೆ ಪೊಲೀಸರು ಹೋಗಬೇಕಾಯಿತು. ಹುಬ್ಬಳ್ಳಿಯವರ ಅದೃಷ್ಟಕ್ಕೆ ಸತ್ಯ ಬೇಗ ಹೊರಬಂತು. ಇಡೀ ನಾಡು ನೋಡುತ್ತಿದ್ದ ಪ್ರಕರಣವಾದ್ದರಿಂದ ಗಂಟೆಗಂಟೆಗೂ ತನಿಖೆ ನಡೆಯಿತು. ಯಾರೂ ನೋಡದ ಪ್ರಕರಣಗಳಲ್ಲಿ ಹೀಗೆ ಹೆಸರು ಸಿಕ್ಕಿಕೊಂಡವರು ಎಷ್ಟು ದಿನ, ಎಷ್ಟು ವರ್ಷ ಕಾಯಬೇಕು ಎಂಬುದಕ್ಕೆ ನಮ್ಮ ವ್ಯವಸ್ಥೆಯಲ್ಲಿ ಲೆಕ್ಕವಿಲ್ಲ. ದೇಶದ ಭದ್ರತೆಗೆ, ಊರಿನ ಶಾಂತಿಗೆ ನಿಗಾ ಪಟ್ಟಿ ಬೇಕೇ ಬೇಕು. ಆದರೆ ಪಟ್ಟಿಗೆ ಹೆಸರು ಸೇರಿಸುವ ಅಧಿಕಾರ ಇರುವ ಕಡೆಯಲ್ಲೇ ಕಾರಣ ಬರೆಯುವ, ಉತ್ತರ ಕೇಳುವ, ತಪ್ಪಾಗಿದ್ದರೆ ಹೆಸರು ತೆಗೆಯುವ ಹೊಣೆಯೂ ಕಾನೂನಿನಲ್ಲೇ ಬರಬೇಕು ಎಂಬುದು ನನ್ನ ವಾದ.

ನಿಗಾ ಪಟ್ಟಿ ಎಂದರೆ ದೆಹಲಿಯ ಗುಪ್ತಚರ ಕಚೇರಿಯ ಕಡತ ಎಂದೇ ನಾವು ಭಾವಿಸುತ್ತೇವೆ. ಸಾಮಾನ್ಯ ಜನರಿಗೆ ಹೆಚ್ಚು ಹತ್ತಿರದ ಪಟ್ಟಿ ಇರುವುದು ಪೊಲೀಸ್ ಠಾಣೆಯಲ್ಲಿ. ನಗರ ಪೊಲೀಸ್ ಕಮಿಷನರ್ ಕಚೇರಿ ಇರುವ ಮೈಸೂರಿನ ನಜರ್‌ಬಾದ್‌ನಂಥ ಬಡಾವಣೆಯ ಠಾಣೆಯಿಂದ ಹಿಡಿದು ಗಡಿ ತಾಲ್ಲೂಕಿನ ಠಾಣೆಯವರೆಗೆ ಎಲ್ಲ ಕಡೆಯೂ ರೌಡಿ ರಿಜಿಸ್ಟರ್ ಇದೆ. ಅದಕ್ಕೆ ಆಧಾರ ಕರ್ನಾಟಕ ಪೊಲೀಸ್ ಕೈಪಿಡಿಯ 1059ನೇ ಆದೇಶ. ಈ ಕೈಪಿಡಿ ವಿಧಾನಸಭೆ ಚರ್ಚಿಸಿ ಅಂಗೀಕರಿಸಿದ ಕಾಯ್ದೆಯಲ್ಲ, ಇಲಾಖೆಯ ಆಡಳಿತಕ್ಕೆ ಮಾಡಿಕೊಂಡ ಸೂಚನೆ. ಆದರೆ ಅದರ ಬಲದಿಂದ ಒಬ್ಬನ ಹೆಸರಿನಲ್ಲಿ ಶೀಟ್ ತೆರೆದರೆಂದರೆ ಬೀಟ್ ಪೊಲೀಸ್ ಮನೆ ಬಾಗಿಲಿಗೆ ಬರುತ್ತಾರೆ. ದಸರಾ, ಗಣೇಶನ ಹಬ್ಬ, ಚುನಾವಣೆ ಹತ್ತಿರ ಬಂತೆಂದರೆ ಠಾಣೆಗೆ ಕರೆ ಬರುತ್ತದೆ. ಶಾಂತಿ ಕದಡುವುದಿಲ್ಲ ಎಂದು ಬಾಂಡ್ ಬರೆಸಿಕೊಳ್ಳುತ್ತಾರೆ. ಪಾಸ್‌ಪೋರ್ಟಿಗೆ ಪೊಲೀಸ್ ಪರಿಶೀಲನೆ ಬಂದಾಗ, ಕೆಲಸಕ್ಕೆ ನಡತೆ ಪ್ರಮಾಣಪತ್ರ ಕೇಳಿದಾಗ, ಬಾಡಿಗೆ ಮನೆ ಹುಡುಕುವಾಗ ಆ ಶೀಟ್ ಎದುರಿಗೆ ನಿಲ್ಲುತ್ತದೆ. ಎಳೆಯ ವಯಸ್ಸಿನಲ್ಲಿ ಬೀದಿ ಜಗಳಕ್ಕೆ ಬಿದ್ದು, ಕೇಸು ಖುಲಾಸೆಯಾಗಿ, ಮದುವೆಯಾಗಿ, ಅಂಗಡಿ ಇಟ್ಟು ಬದುಕುತ್ತಿರುವವನೂ ಠಾಣೆಯ ಲೆಕ್ಕದಲ್ಲಿ ಇನ್ನೂ ಶೀಟರ್. ಚಳವಳಿಗಳಲ್ಲಿ ಮುಂದೆ ನಿಂತವರ ಮೇಲೆ ಶೀಟ್ ತೆರೆದ ದೂರುಗಳು ಯಾವ ಪಕ್ಷದ ಸರ್ಕಾರ ಇದ್ದಾಗಲೂ ಕೇಳಿಬಂದಿವೆ. ಶಿಕ್ಷೆ ಎಂಬ ಹೆಸರಿಲ್ಲದೆ ಶಿಕ್ಷೆಯ ಬಹುಪಾಲು ಇಲ್ಲಿ ನಡೆದುಹೋಗುತ್ತದೆ.

ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೊಸದಲ್ಲ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನನ್ನು 1941ರಲ್ಲಿ ದರೋಡೆ ಪ್ರಕರಣವೊಂದರಲ್ಲಿ ಹಿಡಿದು, ಸಾಕ್ಷ್ಯವಿಲ್ಲವೆಂದು ಬಿಟ್ಟುಬಿಟ್ಟರು. ಹಾಗಿದ್ದೂ ಅವನ ಹೆಸರಿನಲ್ಲಿ ಹಿಸ್ಟರಿ ಶೀಟ್ ತೆರೆದರು. ಊರ ಚೌಕಿದಾರ, ಪೊಲೀಸ್ ಪೇದೆಗಳು ರಾತ್ರಿ ಹೊತ್ತು ಬಂದು ಬಾಗಿಲು ಬಡಿಯುವುದು, ಹೆಸರು ಹಿಡಿದು ಕೂಗಿ ನಿದ್ದೆಯಿಂದ ಎಬ್ಬಿಸುವುದು, ಊರು ಬಿಟ್ಟು ಹೋದರೆ ಎಲ್ಲಿಗೆ ಹೋಗುತ್ತೀ ಎಂದು ಕೇಳುವುದು. 1962ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ರಾತ್ರಿಯ ಮನೆ ಭೇಟಿಯನ್ನು ರದ್ದು ಮಾಡಿತು. ಕಾರಣ ಸರಳವಾಗಿತ್ತು: ಉತ್ತರ ಪ್ರದೇಶದ ಪೊಲೀಸ್ ನಿಯಮಾವಳಿ ಇಲಾಖೆಯ ಸೂಚನೆ ಮಾತ್ರ, ಅದು ಕಾನೂನಲ್ಲ; ಕಾನೂನಿಲ್ಲದೆ ಒಬ್ಬನ ಸ್ವಾತಂತ್ರ್ಯಕ್ಕೆ ಕೈ ಹಾಕಲು ಸಂವಿಧಾನದ 21ನೇ ವಿಧಿ ಬಿಡುವುದಿಲ್ಲ. ಉಳಿದ ನಿಗಾ ಕ್ರಮಗಳನ್ನು ಬಹುಮತದ ನ್ಯಾಯಮೂರ್ತಿಗಳು ಒಪ್ಪಿಕೊಂಡರು, ಖಾಸಗಿತನ ಮೂಲಭೂತ ಹಕ್ಕಲ್ಲ ಎಂದರು. ನ್ಯಾಯಮೂರ್ತಿ ಸುಬ್ಬರಾವ್ ಮತ್ತು ನ್ಯಾಯಮೂರ್ತಿ ಷಾ ಭಿನ್ನಮತ ಬರೆದರು. 2017ರಲ್ಲಿ, ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಅರ್ಜಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿ, ಖರಕ್ ಸಿಂಗ್ ತೀರ್ಪಿನ ಆ ಭಾಗವನ್ನು ತಳ್ಳಿಹಾಕಿತು. ಆ ಹಕ್ಕಿನ ಮೇಲೆ ನಿರ್ಬಂಧ ಹೇರಲು ಮೊದಲು ಕಾನೂನಿರಬೇಕು, ಉದ್ದೇಶ ನ್ಯಾಯವಾಗಿರಬೇಕು, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಠಾಣೆಯ ರೌಡಿ ರಿಜಿಸ್ಟರ್ ಈ ಮೂರರಲ್ಲಿ ಮೊದಲನೆಯ ಮೆಟ್ಟಿಲಿನಲ್ಲೇ ತಡವರಿಸುತ್ತದೆ.

ಇದಕ್ಕೆ ಪೊಲೀಸರ ಕಡೆಯಿಂದ ಬರುವ ಉತ್ತರ ಹಗುರವಾದದ್ದಲ್ಲ. ನಿಗಾ ಇಟ್ಟಿದ್ದೇವೆ ಎಂದು ಮುಂಚಿತವಾಗಿ ನೋಟಿಸ್ ಕೊಟ್ಟರೆ ನಿಗಾಕ್ಕೆ ಅರ್ಥವೇನು? ಇಂಥದೇ ನಿಗಾ ರಿಜಿಸ್ಟರನ್ನು ಪ್ರಶ್ನಿಸಿದ್ದ ಮಲಕ್ ಸಿಂಗ್ ಎಂಬಾತನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಮಾತನ್ನು ಒಪ್ಪಿತ್ತು. ನಿಗಾ ರಿಜಿಸ್ಟರ್ ಗೋಪ್ಯ ದಾಖಲೆ, ಅದರಲ್ಲಿ ಹೆಸರು ಬರೆಯುವ ಮುನ್ನ ಅಹವಾಲು ಕೇಳುತ್ತ ಕೂತರೆ ಉದ್ದೇಶವೇ ಕೆಡುತ್ತದೆ ಎಂಬುದು ಅಲ್ಲಿನ ನಿಲುವು. ಜೊತೆಗೆ ಹೆಸರು ಬರೆಯಲು ಅಧಿಕಾರಿಗೆ ಸಕಾರಣವಾದ ನಂಬಿಕೆ ಇರಬೇಕು, ನಿಗಾ ಸಭ್ಯತೆಯ ಎಲ್ಲೆ ಮೀರಬಾರದು ಎಂಬ ಷರತ್ತೂ ಇತ್ತು. ಸ್ಫೋಟಕ ಸಾಗಿಸುವ ಜಾಲದ ಬೆನ್ನು ಹತ್ತಿರುವಾಗ ಅದರಲ್ಲಿರುವವನಿಗೆ ನೋಟಿಸ್ ಕಳಿಸಿ ಎಂದು ಬುದ್ಧಿಯಿರುವ ಯಾರೂ ಹೇಳುವುದಿಲ್ಲ. ಆದರೆ ನಮ್ಮಲ್ಲಿ ನಡೆಯುವ ರೌಡಿ ಪರೇಡನ್ನು ಒಮ್ಮೆ ನೆನೆಯಿರಿ. ಶೀಟರ್‌ಗಳನ್ನು ಮೈದಾನಕ್ಕೆ ಕರೆಸುತ್ತಾರೆ, ಸಾಲಾಗಿ ಕೂರಿಸುತ್ತಾರೆ. ಹಿರಿಯ ಅಧಿಕಾರಿ ಒಬ್ಬೊಬ್ಬನ ಮುಂದೆ ನಿಂತು ಏನು ಕೆಲಸ ಮಾಡುತ್ತೀ ಎಂದು ಗದರಿಸುತ್ತಾರೆ. ಉದ್ದ ಕೂದಲು, ಹಚ್ಚೆಗೂ ಬೈಗುಳ ಬೀಳುತ್ತದೆ. ಸುತ್ತ ಕ್ಯಾಮೆರಾಗಳು. ಸಂಜೆಯ ವಾರ್ತೆಯಲ್ಲಿ ಆ ಮುಖಗಳನ್ನು ನೆರೆಮನೆಯವರು, ಮಗಳ ಶಾಲೆಯ ಟೀಚರು, ಕೆಲಸ ಕೊಟ್ಟ ಮಾಲೀಕರು ಎಲ್ಲರೂ ನೋಡುತ್ತಾರೆ. ಪಟ್ಟಿ ಗೋಪ್ಯ, ಆದ್ದರಿಂದ ನೋಟಿಸ್ ಕೊಡಲಾಗದು ಎನ್ನುವ ಇಲಾಖೆಯೇ ಪಟ್ಟಿಯಲ್ಲಿರುವವರನ್ನು ಊರಿಗೆ ತೋರಿಸುತ್ತಿದೆ. ಊರಿಗೆಲ್ಲ ಗೊತ್ತಾಗಬಹುದಾದ ಸಂಗತಿಯನ್ನು ಸಂಬಂಧಪಟ್ಟವನಿಗೆ ಮುಂಚೆ ತಿಳಿಸಿದರೆ ಯಾವ ಗುಟ್ಟು ರಟ್ಟಾಗುತ್ತದೆ? ಗೋಪ್ಯತೆಯ ವಾದ ನಿಲ್ಲಬೇಕಾದರೆ ಪರೇಡ್ ನಿಲ್ಲಬೇಕು. ಪರೇಡ್ ಬೇಕೆಂದರೆ ನೋಟಿಸ್ ಕೊಡಬೇಕು.

ನಮ್ಮ ಹೈಕೋರ್ಟ್ 2022ರಲ್ಲಿ ಇದೇ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿತು. ರೌಡಿ ಪಟ್ಟಿಗೆ ಸೇರಿಸುವ ಮೊದಲು ಆ ವ್ಯಕ್ತಿಗೆ ತಿಳಿಸಿ, ಅವನ ಉತ್ತರ ಪಡೆಯಬೇಕೆಂದು ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಮಾರ್ಗಸೂಚಿ ಕೊಟ್ಟರು. 2024ರ ಮೇ ತಿಂಗಳಲ್ಲಿ ದೆಹಲಿಯ ಶಾಸಕರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಿಸ್ಟರಿ ಶೀಟ್ ಪೊಲೀಸರ ಒಳದಾಖಲೆ, ಸಾರ್ವಜನಿಕರ ಕೈಗೆ ಸಿಗುವಂಥದ್ದಲ್ಲ ಎಂದಿತು. ಹಿರಿಯ ಅಧಿಕಾರಿಯೊಬ್ಬರು ಇಂಥ ದಾಖಲೆಗಳನ್ನು ಕಾಲಕಾಲಕ್ಕೆ ಪರಿಶೀಲಿಸಬೇಕೆಂದಿತು. ಹಿಂದುಳಿದವರು, ಪರಿಶಿಷ್ಟ ಜಾತಿ ಪಂಗಡದವರು, ಬಡವರ ಹೆಸರುಗಳು ಯಾಂತ್ರಿಕವಾಗಿ ಇವುಗಳೊಳಗೆ ಸೇರಿಹೋಗುವ ಅಪಾಯವನ್ನು ಗುರುತಿಸಿ, ಎಲ್ಲ ರಾಜ್ಯಗಳೂ ತಮ್ಮ ನಿಯಮಗಳನ್ನು ಮರುಪರಿಶೀಲಿಸುವಂತೆ ಸೂಚಿಸಿತು. ಈ ಕೊನೆಯ ಮಾತು ಕರ್ನಾಟಕಕ್ಕೆ ವಿಶೇಷವಾಗಿ ತಟ್ಟಬೇಕು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿ ಮಾಡಿತ್ತು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಅವರಿಗಾಗಿ ಸೆಟ್ಲ್‌ಮೆಂಟ್‌ಗಳಿದ್ದವು. ಹಾಜರಿ ಹಾಕದೆ ಊರು ದಾಟುವಂತಿರಲಿಲ್ಲ. 1952ರಲ್ಲಿ ಕಾಯ್ದೆ ರದ್ದಾಯಿತು. ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಎಂಬ ಬಡಾವಣೆಯ ಹೆಸರು ಹಾಗೇ ಉಳಿದಿದೆ. ಪಟ್ಟಿ ರದ್ದಾದ ಮೇಲೂ ಸಂಶಯ ಎಷ್ಟು ತಲೆಮಾರು ಅಂಟಿಕೊಂಡಿರುತ್ತದೆ ಎಂಬುದನ್ನು ಅಲ್ಲಿನ ಜನ ಅನುಭವಿಸಿದ್ದಾರೆ.

ಇನ್ನೊಂದು ಆಕ್ಷೇಪವಿದೆ, ಅದು ಬೀದಿಯ ಜನರದ್ದು. ಬಡ್ಡಿ ದಂಧೆಯವನ, ಹಫ್ತಾ ಕೇಳುವವನ ವಿರುದ್ಧ ಸಾಕ್ಷಿ ಹೇಳಲು ಯಾರು ಬರುತ್ತಾರೆ? ಕೋರ್ಟಿನಲ್ಲಿ ಖುಲಾಸೆಯಾದವರೆಲ್ಲ ಸಂಭಾವಿತರೇ? ಶೀಟ್ ಇರುವುದರಿಂದಲೇ ಅವರು ಸ್ವಲ್ಪವಾದರೂ ಹದ್ದುಬಸ್ತಿನಲ್ಲಿದ್ದಾರೆ. ಈ ಭಯ ನಿಜವಾದದ್ದು, ಹಣ್ಣಿನ ಗಾಡಿಯವರಿಗೂ ಆಟೊ ನಿಲ್ದಾಣದವರಿಗೂ ಅದರ ಬಿಸಿ ಗೊತ್ತು. ಆದರೆ ಇಂಥವರಿಗಾಗಿ ಕಾನೂನು ಈಗಾಗಲೇ ಇದಕ್ಕಿಂತ ಹರಿತವಾದ ಅಸ್ತ್ರ ಕೊಟ್ಟಿದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಗಡಿಪಾರು ಮಾಡಬಹುದು. 1985ರ ಗೂಂಡಾ ಕಾಯ್ದೆಯಡಿ ವಿಚಾರಣೆಯಿಲ್ಲದೆ ಬಂಧನದಲ್ಲಿಡಬಹುದು. ಗಡಿಪಾರಿಗೆ ಮೊದಲು ಆರೋಪದ ಸ್ವರೂಪವನ್ನು ಲಿಖಿತವಾಗಿ ತಿಳಿಸಿ ಉತ್ತರಕ್ಕೆ ಅವಕಾಶ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಭಯಪಡುವ ಸಾಕ್ಷಿಯ ಹೆಸರು ಹೇಳಬೇಕಾಗಿಲ್ಲ, ಆರೋಪದ ಸಾರ ಹೇಳಿದರೆ ಸಾಕು. ಗೂಂಡಾ ಕಾಯ್ದೆಯಡಿ ಬಂಧಿತನಿಗೆ ಕಾರಣ ಕೊಡಬೇಕು, ಸಲಹಾ ಮಂಡಳಿಯ ಮುಂದೆ ಪ್ರಕರಣ ಇಡಬೇಕು. ಊರು ಬಿಡಿಸುವ, ಜೈಲಿಗೆ ಹಾಕುವ ಕ್ರಮದಲ್ಲೇ ಇಷ್ಟು ಪದ್ಧತಿ ಪಾಲಿಸಿ ಪೊಲೀಸರು ಕೆಲಸ ಮಾಡುತ್ತಿರುವಾಗ, ರಿಜಿಸ್ಟರಿಗೆ ಹೆಸರು ಬರೆಯುವಾಗ ಅದು ಅಸಾಧ್ಯವಾಗುವುದು ಹೇಗೆ? ಇನ್ನು ಭಯೋತ್ಪಾದನೆಯ ಮಾತು. 2016ರ ಆಗಸ್ಟ್ 1ರಂದು ಮೈಸೂರಿನ ನ್ಯಾಯಾಲಯದ ಆವರಣದಲ್ಲೇ ಸ್ಫೋಟವಾಯಿತು. ಎನ್‌ಐಎ ತಮಿಳುನಾಡಿನ ಜಾಲವನ್ನು ಪತ್ತೆ ಹಚ್ಚಿತು, 2021ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಮೂವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಅವರನ್ನು ಜೈಲಿಗೆ ಕಳಿಸಿದ್ದು ತನಿಖೆ, ಸಾಕ್ಷ್ಯ, ವಿಚಾರಣೆ. ಹೆಸರುಗಳನ್ನು ತೆಗೆಯದೆ ಸೇರಿಸುತ್ತಲೇ ಹೋದ ರಿಜಿಸ್ಟರ್ ತನಿಖಾಧಿಕಾರಿಗೆ ಸಹಾಯಕ್ಕಿಂತ ಹೊರೆಯೇ ಹೆಚ್ಚು. ಠಾಣೆಯಲ್ಲಿ ಸಿಬ್ಬಂದಿ ಮೊದಲೇ ಕಡಿಮೆ. ಇಪ್ಪತ್ತು ವರ್ಷದ ಹಿಂದಿನ ಹೊಡೆದಾಟದವನ ಮನೆಗೆ ಬೀಟ್ ಹೋಗುವ ಪೇದೆ, ಅಷ್ಟು ಹೊತ್ತು ನಿಜವಾಗಿ ಅಪಾಯಕಾರಿಯಾದವನ ಮೇಲೆ ಕಣ್ಣಿಟ್ಟಿರುವುದಿಲ್ಲ.

ಪಟ್ಟಿಗೆ ಅವಧಿಯೇ ಇಲ್ಲದಂತೆ ಮಾಡುವ ಚಾಳಿ ಠಾಣೆಗಷ್ಟೇ ಸೀಮಿತವಲ್ಲ. ದೇಶ ಬಿಟ್ಟು ಹೋಗದಂತೆ ತಡೆಯಲು ಹೊರಡಿಸುವ ಲುಕ್‌ಔಟ್ ಸುತ್ತೋಲೆಗೆ 2010ರ ಗೃಹ ಸಚಿವಾಲಯದ ಸೂಚನೆಯಲ್ಲಿ ಒಂದು ವರ್ಷದ ಆಯಸ್ಸಿತ್ತು. ನವೀಕರಿಸದಿದ್ದರೆ ತಾನಾಗಿ ಬಿದ್ದುಹೋಗುತ್ತಿತ್ತು. 2021ರ ಸೂಚನೆಯ ಪ್ರಕಾರ, ಕೇಳಿದ ಸಂಸ್ಥೆಯೇ ತೆಗೆಯಿರಿ ಎನ್ನುವವರೆಗೆ ಅದು ಜಾರಿಯಲ್ಲಿರುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಬ್ಯಾಗು ಒಳಗೆ ಹೋದ ಮೇಲೆ ಇಮಿಗ್ರೇಷನ್ ಕೌಂಟರಿನಲ್ಲಿ ಪಕ್ಕಕ್ಕೆ ನಿಲ್ಲಿ ಎಂದಾಗಲೇ ಎಷ್ಟೋ ಜನಕ್ಕೆ ತಮ್ಮ ಹೆಸರು ಅಲ್ಲಿರುವುದು ಗೊತ್ತಾಗುವುದು. ಸಾಲ ವಸೂಲಿಗಾಗಿ ಸರ್ಕಾರಿ ಬ್ಯಾಂಕುಗಳಿಗೂ ಈ ಅಧಿಕಾರ ಕೊಟ್ಟಿದ್ದರು. 2024ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದುಪಡಿಸಿತು. ತಪ್ಪಾಗಿ ಪಟ್ಟಿ ಸೇರಿದ ಹೆಸರು ತೆಗೆಸುವುದು ಹೊರದೇಶದಲ್ಲೂ ಸುಲಭವಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಮಲೇಷ್ಯಾದ ರಹೀನಾ ಇಬ್ರಾಹಿಂ ಅವರಿಗೆ 2005ರಲ್ಲಿ ವಿಮಾನ ನಿಲ್ದಾಣದಲ್ಲಿ ಕೈಕೋಳ ಬಿತ್ತು. ಎಫ್‌ಬಿಐ ಅಧಿಕಾರಿಯೊಬ್ಬರು ನಿಗಾ ಪಟ್ಟಿಯ ಫಾರಂ ಒಂದರಲ್ಲಿ ಗುರುತು ಹಾಕಬೇಕಾದ ಕಡೆ ಹಾಕದೆ, ಹಾಕಬಾರದ ಕಡೆ ಹಾಕಿದ್ದರು. ಆ ತಪ್ಪನ್ನು ಸರ್ಕಾರದ ಬಾಯಿಂದ ಹೊರಡಿಸಲು 2014ರವರೆಗೆ ಮೊಕದ್ದಮೆ ನಡೆಸಬೇಕಾಯಿತು. ಗುಪ್ತಚರ ಮಾಹಿತಿಯೆಂದು ಕಾರಣ ಹೇಳಲಾಗದ ಪ್ರಕರಣಗಳಿಗೂ ದಾರಿಯಿಲ್ಲದಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಲ್‌ಖೈದಾ ನಿರ್ಬಂಧಗಳ ಪಟ್ಟಿಯಲ್ಲಿ ಹೆಸರಿರುವವರ ಅರ್ಜಿ ಪರಿಶೀಲಿಸಲು 2009ರಲ್ಲಿ ಸ್ವತಂತ್ರ ಒಂಬುಡ್ಸ್‌ಪರ್ಸನ್ ಹುದ್ದೆ ಸೃಷ್ಟಿಸಿತು. ಜಗತ್ತಿನ ಅತ್ಯಂತ ಅಪಾಯಕಾರಿ ಜಾಲದ ಪಟ್ಟಿಗೇ ಹೊರಗಿನ ಪರಿಶೀಲನೆ ಸಾಧ್ಯವಾದರೆ, ಮೈಸೂರಿನ ಬಡಾವಣೆಯ ಪಟ್ಟಿಗೆ ಆಗದು ಎನ್ನಲಾದೀತೇ?

ಆದ್ದರಿಂದ ಕೈಪಿಡಿಯ ಆದೇಶದ ಜಾಗಕ್ಕೆ ವಿಧಾನಸಭೆ ಒಂದು ಕಾಯ್ದೆ ತರಲಿ. ಶೀಟ್ ತೆರೆಯುವ ಅಧಿಕಾರಿ ಕಾರಣ ಬರೆದು ಸಹಿ ಹಾಕಲಿ. ನೋಟಿಸ್ ಕೊಟ್ಟರೆ ತನಿಖೆಗೆ ಧಕ್ಕೆ ಎಂದಾದರೆ ಅದನ್ನೂ ಬರೆದು, ಮೊಹರು ಮಾಡಿದ ಲಕೋಟೆಯಲ್ಲಿ ನ್ಯಾಯಾಧೀಶರಿಗೆ ತೋರಿಸಲಿ. ಎರಡು ವರ್ಷಕ್ಕೊಮ್ಮೆ ಪ್ರತಿ ಹೆಸರನ್ನೂ ಹೊಸದಾಗಿ ಸಮರ್ಥಿಸಬೇಕು, ಆಗದಿದ್ದರೆ ಶೀಟ್ ಮುಚ್ಚಿಹೋಗಬೇಕು. ಖುಲಾಸೆಯ ತೀರ್ಪಿನ ಪ್ರತಿ ಠಾಣೆಗೆ ತಲುಪಿದ ಕೂಡಲೇ ಮರುಪರಿಶೀಲನೆ ಆಗಬೇಕು, ಅರ್ಜಿ ಬರಲೆಂದು ಕಾಯಬಾರದು. ಇದೆಲ್ಲಕ್ಕಿಂತ ಮುಖ್ಯವಾದದ್ದು ಮೇಲ್ಮನವಿ ಎಲ್ಲಿ ಎಂಬ ಪ್ರಶ್ನೆ. ಈಗ ಇಲಾಖೆ ಒಪ್ಪದಿದ್ದರೆ ಉಳಿಯುವುದು ಹೈಕೋರ್ಟಿಗೆ ರಿಟ್. ಮೈಸೂರಿನ ಗಾರೆ ಕೆಲಸದವರು ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕು, ವಕೀಲರ ಫೀಸು ಹೊಂದಿಸಬೇಕು, ದಿನಾಂಕದ ಮೇಲೆ ದಿನಾಂಕ ಕಾಯಬೇಕು. ಹಣವಿದ್ದವರು ಶೀಟ್ ತೆಗೆಸಿಕೊಂಡು ರಾಜಕೀಯಕ್ಕೂ ಬರುತ್ತಾರೆ, ಇಲ್ಲದವರು ಸುಮ್ಮನಾಗುತ್ತಾರೆ. ಈ ಅಧಿಕಾರವನ್ನು ಜಿಲ್ಲಾ ನ್ಯಾಯಾಧೀಶರಿಗೆ ಕೊಟ್ಟು, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರನ್ನು ಒದಗಿಸಿದರೆ, ಅದೇ ಗಾರೆ ಕೆಲಸದವರು ಒಂದು ದಿನದ ಕೂಲಿ ಬಿಟ್ಟು ತಮ್ಮ ಊರಿನ ಕೋರ್ಟಿನಲ್ಲೇ ತಮ್ಮ ಮಾತು ಹೇಳಿಕೊಳ್ಳಬಹುದು.