ಭದ್ರೆಯ ನೀರುನಾಯಿಗೆ ಲೆಕ್ಕ ಇಟ್ಟವರು ಯಾರು?

ಜಾಗರ ಕಣಿವೆಯ ಕಾಡು ಅಭಯಾರಣ್ಯವಾದದ್ದು 1951ರಲ್ಲಿ. 1974ರಲ್ಲಿ ಲಕ್ಕವಳ್ಳಿ ಕಾಡೂ ಸೇರಿ ಅದು ಭದ್ರಾ ಅಭಯಾರಣ್ಯವಾಯಿತು. 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಳಗಿನ ಹಳ್ಳಿಗಳ ಜನ ಮನೆ, ಗದ್ದೆ ಬಿಟ್ಟು ಹೊರಬಂದರು. ಕಾಡಿನ ಮಟ್ಟಿಗೆ ಇದು ಹೆಮ್ಮೆಯ ಲೆಕ್ಕವೇ. ನದಿಯ ಲೆಕ್ಕ ಮಾತ್ರ ಬೇರೆ.

ಲಕ್ಕವಳ್ಳಿ ಅಣೆಕಟ್ಟೆಯ ಹಿನ್ನೀರಿನ ದಡದಲ್ಲಿ ಬೆಳಗಿನ ಹೊತ್ತು ಕಾದು ಕೂತರೆ ನುಣುಪು ತುಪ್ಪಳದ ನೀರುನಾಯಿಗಳು ಸಂಸಾರ ಸಮೇತ ಮೀನಿಗೆ ಇಳಿಯುವುದು ಕಾಣಬಹುದು. ಜಾಲಪಾದ, ಚಪ್ಪಟೆ ಬಾಲ. ಬಿಲ ದಡದ ಮಣ್ಣಿನಲ್ಲಿ, ಬಂಡೆಯ ಸಂದಿಯಲ್ಲಿ. ಮೀನಿನ ಹುರುಪೆ ತುಂಬಿದ ಹಿಕ್ಕೆ ಬಂಡೆಯ ಮೇಲಿದ್ದರೆ ಅದೇ ಗುರುತು. ಮೇಲಿನ ಮಲೆನಾಡಿನ ಹಳ್ಳಗಳಲ್ಲಿ ಇದರ ಚಿಕ್ಕ ದಾಯಾದಿಯುಂಟು: ಏಡಿ ತಿಂದು ಬದುಕುವ ಸಣ್ಣ ಉಗುರಿನ ನೀರುನಾಯಿ. ಎರಡೂ ಅಪಾಯದ ಅಂಚಿನವೆಂದು ಜಾಗತಿಕ ಪಟ್ಟಿ ಸೇರಿವೆ. ತುಪ್ಪಳಕ್ಕೂ ಸಾಕುವ ಶೋಕಿಗೂ ನಡೆಯುತ್ತಿದ್ದ ಇವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2019ರಲ್ಲಿ ಪೂರ್ತಿ ತಡೆ ಬಿತ್ತು.

ನದಿಗೆ ಒಳ್ಳೆಯದೂ ಆಗಿದೆ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಕುದುರೆಮುಖದ ಗಣಿ ನಿಂತಿತು. ಭದ್ರೆಗೆ ಹರಿಯುತ್ತಿದ್ದ ಕೆಂಪು ಹೂಳು ತಗ್ಗಿತು. ಆದರೆ ಲಕ್ಕವಳ್ಳಿ ಅಣೆಕಟ್ಟೆ ದಾಟಿದ ಮೇಲೆ ಹುಲಿಯ ನೆರಳಿಲ್ಲ. ಅಲ್ಲಿ ಮರಳು ತೆಗೆದರೆ ದಡದ ಬಿಲ ಕುಸಿಯುತ್ತದೆ, ಮದ್ದು ಸಿಡಿಸಿದರೆ ಮಡುವಿನ ಮರಿಮೀನೂ ಸಾಯುತ್ತದೆ. ನೀರುನಾಯಿಗಾಗಿಯೇ ರಾಜ್ಯ ಮೀಸಲಿಟ್ಟದ್ದು 2015ರಲ್ಲಿ, ಅದೂ ದೂರದ ತುಂಗಭದ್ರೆಯಲ್ಲಿ, ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್. ದೇಶದಲ್ಲೇ ಮೊದಲನೆಯದು ಎನ್ನುವುದು ನಿಜ. ಸಾಲದು ಎನ್ನುವುದೂ ನಿಜ.

ತಡವಾದರೆ ಏನಾಗುತ್ತದೆಂದು ಕೆರಿಬಿಯನ್ ಕಡಲು ತೋರಿಸಿದೆ. ಅಲ್ಲಿನ ಉಷ್ಣವಲಯದ ಸೀಲ್ ಪ್ರಾಣಿಯನ್ನು ಎಣ್ಣೆಗಾಗಿ ಕೊಂದು ಮುಗಿಸಿದರು. ಖಚಿತವಾಗಿ ಕೊನೆಯ ಬಾರಿ ಕಂಡದ್ದು 1952ರಲ್ಲಿ. ನಿರ್ನಾಮವಾಗಿದೆ ಎಂದು ಅಮೆರಿಕ ಅಧಿಕೃತವಾಗಿ ಹೇಳಿದ್ದು 2008ರಲ್ಲಿ. ಅದರ ಹವಾಯಿಯ ಬಂಧು ಸುಮಾರು 1,600ರಷ್ಟು ಉಳಿದಿದೆ, ಒಂದೊಂದನ್ನೂ ಕಾಯುವ ಜನರಿರುವುದರಿಂದ.

ನಮ್ಮ ಅಜ್ಜಂಪುರದ ಸುರಂಗದ ಮೂಲಕ ಬಯಲುಸೀಮೆಗೆ ಭದ್ರೆಯ ನೀರು ಹರಿಸುವ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.4, ಭದ್ರೆಯಿಂದ 12.5 ಟಿಎಂಸಿ ಎಂಬ ಹಂಚಿಕೆ ದಶಮಾಂಶದವರೆಗೂ ಸ್ಪಷ್ಟ. ಒಣಗಿದ ತಾಲ್ಲೂಕುಗಳಿಗೆ ಆ ನೀರು ಬೇಕು, ಅದರಲ್ಲಿ ತಕರಾರಿಲ್ಲ. ಹಾಗೆಯೇ ಬೇಸಿಗೆಯಲ್ಲಿ ನದಿಪಾತ್ರದಲ್ಲಿ ಎಷ್ಟು ನೀರು ಉಳಿಯಬೇಕೆಂಬುದೂ ಅಷ್ಟೇ ಖಚಿತವಾಗಲಿ. ಹುಲಿಗೆ ನಾಲ್ಕು ವರ್ಷಕ್ಕೊಮ್ಮೆ ಗಣತಿ ನಡೆಸುವ ಅರಣ್ಯ ಇಲಾಖೆ, ಲಕ್ಕವಳ್ಳಿಯಿಂದ ಭದ್ರೆ ತುಂಗೆಯನ್ನು ಸೇರುವ ಕೂಡಲಿಯವರೆಗೆ ನೀರುನಾಯಿಯ ಗಣತಿಯನ್ನು ಬರುವ ಬೇಸಿಗೆಯಲ್ಲೇ, ಮೀನುಗಾರರನ್ನು ಜೊತೆಗಿಟ್ಟುಕೊಂಡು ಶುರುಮಾಡಬೇಕು.