ಕಪಾಟಿನ ಬೀಗ ತೆಗೆಯಿರಿ

‘ಹೋಂ ಸ್ಕೂಲಿಂಗ್’ ಎಂಬ ಶಬ್ದ ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆ ಕಿವಿಗೆ ಬೀಳತೊಡಗಿದ್ದು ಈಚೆಗೆ. 2020ರಲ್ಲಿ ಕೊರೊನಾ ಬಂದು ಶಾಲೆಗಳಿಗೆ ಬೀಗ ಬಿದ್ದಾಗ, ಬೇಕೋ ಬೇಡವೋ, ಪ್ರತಿ ಮನೆಯೂ ಶಾಲೆಯಾಯಿತು. ನಮ್ಮಂಥ ಮಾಸ್ಟ್ರುಗಳು ‘ವಿದ್ಯಾಗಮ’ದ ಹೆಸರಿನಲ್ಲಿ ಜಗಲಿ, ಮರದಡಿ ಎಂದು ಮಕ್ಕಳಿದ್ದಲ್ಲಿಗೇ ಹೋದೆವು. ಆ ಗಲಾಟೆ ಮುಗಿದ ಮೇಲೂ ಕೆಲವರು ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಉಳಿಸಿಕೊಂಡರು. ಬೆರಳೆಣಿಕೆಯ ಮನೆಗಳು, ಆದರೆ ಇವೆ. ‘ಅದೆಲ್ಲ ಬೆಂಗಳೂರಿನವರ ಶೋಕಿ’ ಎಂದು ನಗುವವರೂ ಇದ್ದಾರೆ.

ನಗುವ ಮೊದಲು ಒಂದು ಮಾತು. ಈ ಶೋಕಿಯನ್ನು ಎಪ್ಪತ್ತು ವರ್ಷಗಳ ಹಿಂದೆಯೇ ಮಾಡಿದವರು ನಮ್ಮ ಕೋಟದವರು. 1902ರಲ್ಲಿ ಕೋಟದಲ್ಲಿ ಹುಟ್ಟಿ, ಕುಂದಾಪುರದ ಹೈಸ್ಕೂಲಿನಲ್ಲಿ ಓದಿ, ಗಾಂಧೀಜಿಯ ಕರೆಗೆ ಕಾಲೇಜು ಬಿಟ್ಟ ಶಿವರಾಮ ಕಾರಂತರು, ಪುತ್ತೂರಿನ ಬಾಲವನದಲ್ಲಿ ಸಂಸಾರ ಹೂಡಿದ್ದಾಗ ತಮ್ಮ ಮಕ್ಕಳನ್ನು ಆರಂಭದ ವರ್ಷಗಳಲ್ಲಿ ಶಾಲೆಗೆ ಕಳಿಸಲಿಲ್ಲ. ಮನೆಯೇ ಶಾಲೆ, ಗುಡ್ಡವೇ ಆಟದ ಬಯಲು. ಮುಂದೆ ಅವರೆಲ್ಲ ಎಲ್ಲರಂತೆ ಶಾಲೆ ಕಾಲೇಜು ಓದಿದರು. ಮಾಳವಿಕಾ ಕಪೂರ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನಸ್ಸನ್ನು ಅಭ್ಯಾಸ ಮಾಡಿದ ಮನೋವಿಜ್ಞಾನಿಯಾದರು. ಉಲ್ಲಾಸ ಕಾರಂತರು ಎಂಜಿನಿಯರಿಂಗ್ ಓದಿ, ಅದನ್ನು ಬಿಟ್ಟು ಹುಲಿಯ ಹಿಂದೆ ಬಿದ್ದರು. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರ ಪಟ್ಟೆ ಇರುವುದಿಲ್ಲವಲ್ಲ, ಕಾಡಿನಲ್ಲಿ ಕ್ಯಾಮೆರಾ ಕಟ್ಟಿ, ಆ ಗುರುತಿನಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನಕ್ಕೆ ಅವರ ಹೆಸರು ಪ್ರಸಿದ್ಧ. ಅವರಿಬ್ಬರೂ ತಂಗಿ ಕ್ಷಮಾ ಅವರೊಡನೆ ಸೇರಿ ಬರೆದ ಬಾಲ್ಯದ ನೆನಪುಗಳು 2021ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದಿವೆ.

ಇದನ್ನು ಹೇಳಿದ ಕೂಡಲೇ ಎದುರಿನವರ ಉತ್ತರ ಸಿದ್ಧವಿರುತ್ತದೆ. ‘ಅವ್ರ್ ಕಾರಂತ್ರು ಮಾರಾಯ್ರೆ, ನಮ್ಮಂಥವ್ರ್ ಎಂತ ಮಾಡುದ್?’

ನಿಜ, ಕಾರಂತರು ಒಬ್ಬರೇ. ಆದರೆ ಆ ಮನೆಯಲ್ಲಿ ಇದ್ದದ್ದು ಏನು ಎಂದು ನೋಡಿದರೆ ನಮಗೆ ದಕ್ಕುವಂಥದ್ದೂ ಒಂದಿದೆ. ಲೀಲಾ ಅವರನ್ನು ಮದುವೆಯಾದ 1936ರಲ್ಲೇ, ಎಂದರೆ ಸ್ವಂತ ಮಕ್ಕಳು ಹುಟ್ಟುವ ಮೊದಲೇ, ಕಾರಂತರ ‘ಬಾಲಪ್ರಪಂಚ’ ಬಂದಿತ್ತು. ಮೂರು ಸಂಪುಟ. ಕನ್ನಡದ ಮಗುವಿಗೆ ಜಗತ್ತನ್ನು ತೋರಿಸುವ ಪುಸ್ತಕ ಇಲ್ಲ ಎನಿಸಿದಾಗ ಯಾರನ್ನೂ ದೂರದೆ ತಾವೇ ಕೂತು ಬರೆದರು. 1959ರಿಂದ 1964ರೊಳಗೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ ಬರೆದರು. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೂ ನಡೆಸಿದರು. ಅಂಥ ಮನೆಯ ಮಗುವಿಗೆ ಪುಸ್ತಕ ಎಂದರೆ ಪೂಜೆಯ ವಸ್ತುವಲ್ಲ, ಪರೀಕ್ಷೆಯ ವಸ್ತುವೂ ಅಲ್ಲ. ದೊಡ್ಡವರ ದಿನನಿತ್ಯದ ದುಡಿಮೆಯ ಸಲಕರಣೆ. ಗಂಗೊಳ್ಳಿಯ ಮೀನುಗಾರರ ಮನೆಯ ಹುಡುಗನಿಗೆ ಬಲೆಯನ್ನು ಪ್ರೀತಿಸು ಎಂದು ಯಾರೂ ಪಾಠ ಮಾಡುವುದಿಲ್ಲ. ಅಪ್ಪ ದಿನಾ ಬಲೆ ಹಿಡಿದು ಕೂರುವುದನ್ನು ಅವನು ನೋಡುತ್ತಾನೆ, ಅಷ್ಟೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಮಗು ದೊಡ್ಡವರ ಕೈಯಲ್ಲಿ ಪುಸ್ತಕ ಕಂಡಿದೆ? ಮೊಬೈಲು ಕಂಡಿದೆ. ಅದಕ್ಕೇ ಮೊಬೈಲು ಬೇಕೆಂದು ಅಳುತ್ತದೆ. ಇದರಲ್ಲಿ ಮಗುವಿನ ದೋಷ ಏನೂ ಇಲ್ಲ.

ಸಾಲಿಗ್ರಾಮದ ಕಡೆಯ ಒಂದು ಮನೆಯ ವಿಷಯ ಹೇಳುತ್ತೇನೆ. ಮನೆಯವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ, ಹೆಸರು ಬೇಡ. ಬೆಂಗಳೂರಿನಲ್ಲಿ ಹೋಟೆಲು ನಡೆಸುತ್ತಿದ್ದವರು ಕೊರೊನಾದ ವರ್ಷ ಊರಿಗೆ ಬಂದು ಇಲ್ಲೇ ಅಂಗಡಿ ಹಾಕಿದರು. ಮಗನನ್ನು ಸೇರಿಸಿದ ಶಾಲೆಯಲ್ಲಿ ಎರಡನೇ ಕ್ಲಾಸಿನ ಹೊತ್ತಿಗೆ ತರಗತಿಯ ಎದುರು ನಿಲ್ಲಿಸಿ ಓದಿಸುವ ಪರಿಪಾಠ. ಹುಡುಗ ತಡವರಿಸಿದ, ಉಳಿದವರು ನಕ್ಕರು. ಆಮೇಲೆ ದಿನಾ ಬೆಳಿಗ್ಗೆ ಹೊಟ್ಟೆನೋವು. ಕೊನೆಗೆ ಶಾಲೆ ಬಿಡಿಸಿದರು. ತಾಯಿ ಬಿ.ಕಾಂ. ಓದಿದವರು, ಛಲದವರು. ಒಂದು ಕೋಣೆಯನ್ನೇ ಕ್ಲಾಸು ಮಾಡಿದರು. ಕರಿಹಲಗೆ, ವೇಳಾಪಟ್ಟಿ, ಗಂಟೆ ಹೊಡೆಯಲು ಒಂದು ಹಿತ್ತಾಳೆಯ ತಟ್ಟೆ ಸಹ. ಸುಮಾರು ನಲವತ್ತು ಪುಸ್ತಕ ತಂದು ಗಾಜಿನ ಕಪಾಟಿನಲ್ಲಿಟ್ಟರು. ಚಿಕ್ಕವಳು ಹರಿಯಬಾರದೆಂದು ಬೀಗ. ದಿನಕ್ಕೊಂದು ಕತೆ, ಕತೆ ಮುಗಿದ ಮೇಲೆ ಐದು ಪ್ರಶ್ನೆ.

ಹತ್ತು ತಿಂಗಳಾದರೂ ಹುಡುಗ ತಾನಾಗಿ ಒಂದು ಪುಸ್ತಕ ಮುಟ್ಟಲಿಲ್ಲ. ಮಾವ ಮಾತು ಬಿಟ್ಟರು, ನೆಂಟರು ‘ಮಾಣಿ ಭವಿಷ್ಯ ಹಾಳ್ ಮಾಡ್ದ್ರಿ’ ಎಂದರು. ಆಗ ಆ ತಾಯಿ ನನಗೆ ಫೋನ್ ಮಾಡಿದ್ದು. ‘ಮಾಸ್ಟ್ರೆ, ಶಾಲೆ ಬಿಡ್ಸಿದ್ದೇ ತಪ್ಪಾಯ್ತಾ ಅಂದೇಳಿ...’ ಮುಂದೆ ಮಾತು ಬರಲಿಲ್ಲ.

ನಾನು ಹೋದಾಗ ಹುಡುಗ ಕ್ಲಾಸಿನ ಕೋಣೆಯಲ್ಲಿರಲಿಲ್ಲ. ಹಿತ್ತಲಿನ ಮಾವಿನ ಮರದ ಕೆಳಗೆ ಕತ್ತೆತ್ತಿ ನಿಂತಿದ್ದ. ಚಗಳಿ ಇರುವೆಗಳು ಎಲೆಗಳನ್ನು ಜೋಡಿಸಿ ಗೂಡು ಕಟ್ಟುತ್ತಿದ್ದವು. ಎಲೆಗಳು ಒಂದಕ್ಕೊಂದು ಅಂಟುವುದು ಹೇಗೆ ಎಂದು ಅವನು ಅಜ್ಜಿಯನ್ನು ಕೇಳಿ, ‘ಕಚ್ಚತ್ತ್, ಮುಟ್ಬೇಡ’ ಎಂಬ ಉತ್ತರ ಪಡೆದಿದ್ದ. ಉತ್ತರ ನನಗೆ ಗೊತ್ತಿತ್ತು, ಹೇಳಲಿಲ್ಲ. ‘ಪುಸ್ತ್ಕದಂಗ್ ಇತ್ತ್, ಕಾಂಬ’ ಎಂದೆ. ತಾಯಿ ಬೀಗದ ಕೈ ಹುಡುಕಿ ತರಲು ಹತ್ತು ನಿಮಿಷವಾಯಿತು! ಕೀಟಗಳ ಒಂದು ಚಿತ್ರಪುಸ್ತಕ ಅದೃಷ್ಟಕ್ಕೆ ಅದರಲ್ಲಿತ್ತು. ದೊಡ್ಡ ಇರುವೆಗಳು ಎಲೆಯ ಅಂಚುಗಳನ್ನು ಎಳೆದು ಹಿಡಿಯುತ್ತವೆ. ಬೇರೆ ಕೆಲವು ತಮ್ಮ ಮರಿಹುಳಗಳನ್ನು ಬಾಯಲ್ಲಿ ಕಚ್ಚಿಕೊಂಡು ಆ ಅಂಚಿನಿಂದ ಈ ಅಂಚಿಗೆ ಓಡಾಡಿಸುತ್ತವೆ. ಮರಿಹುಳದ ಬಾಯಿಂದ ಬರುವ ರೇಷ್ಮೆಯಂಥ ನೂಲೇ ಹೊಲಿಗೆ. ಹುಡುಗ ಚಿತ್ರದ ಕೆಳಗಿನ ಎರಡು ಸಾಲನ್ನು ಅಕ್ಷರ ಅಕ್ಷರ ಕೂಡಿಸಿ ತಾನೇ ಓದಿದ. ತಾಯಿ ಪ್ರಶ್ನೆ ಕೇಳಲು ಬಾಯಿ ತೆರೆದರು. ಬೇಡ ಎಂದು ನಾನು ಕಣ್ಣಿನಲ್ಲೇ ಹೇಳಿದೆ.

ಈ ಪ್ರಶ್ನೆ ಕೇಳುವ ಚಟ ನಮ್ಮೆಲ್ಲರದ್ದು, ಮಾಸ್ಟ್ರುಗಳದ್ದಂತೂ ಕೇಳುವುದೇ ಬೇಡ. ‘ಕತೆಯ ನೀತಿ ಏನು? ನರಿ ಏನು ಹೇಳಿತು?’ ಆಟ ನೋಡಿ ಬಂದ ನಿಮ್ಮನ್ನು ಯಾರಾದರೂ ಬೆಳಗಿನ ಜಾವ ಗದ್ದೆಯ ಅಂಚಿನಲ್ಲಿ ನಿಲ್ಲಿಸಿ, ಭಾಗವತರು ಎಷ್ಟು ಪದ ಹೇಳಿದರು ಎಂದು ಕೇಳಿದರೆ ಮುಂದಿನ ಆಟಕ್ಕೆ ಹೋಗುತ್ತೀರಾ?

ಇನ್ನೊಂದು ಸಂಗತಿಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಕನ್ನಡದ ಅಕ್ಷರ 49 ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. 34 ವ್ಯಂಜನಗಳಿಗೆ 13 ಸ್ವರ ಸೇರಿಸಿದರೆ ಕಾಗುಣಿತದ ರೂಪಗಳೇ 442. ಮೇಲೆ ಒತ್ತಕ್ಷರ. ಇಷ್ಟನ್ನೂ ಕಣ್ಣು ಗುರುತಿಸಿ, ನಾಲಗೆ ತಡವರಿಸದೆ ಹೇಳಬೇಕಾದರೆ ಮಗುವಿಗೆ ಮೂರು ನಾಲ್ಕು ವರ್ಷ ಬೇಕು. ಆದರೆ ಅದೇ ಮಗುವಿಗೆ ಕಿವಿಯಲ್ಲಿ ಕೇಳಿದರೆ ಮಹಾಭಾರತವೇ ಅರ್ಥವಾಗುತ್ತದೆ. ಎಂದರೆ ಏಳು ವರ್ಷದ ಮಗುವಿನ ಬುದ್ಧಿ ಅದರ ಓದಿಗಿಂತ ಬಹಳ ಮುಂದೆ ಇರುತ್ತದೆ. ‘ಈಶನ ಗಣಪನ’ ಮಟ್ಟದ ಪುಸ್ತಕವನ್ನೇ ಕೊಡುತ್ತಾ ಹೋದರೆ ಅದಕ್ಕೆ ಬೇಸರ ಬರದೆ ಇದ್ದೀತೆ? ಅದಕ್ಕಾಗಿ, ಮಗು ಅಕ್ಷರ ಕಲಿತ ಮೇಲೂ ಅದರ ಬುದ್ಧಿಗೆ ತಕ್ಕ ಪುಸ್ತಕವನ್ನು ದೊಡ್ಡವರು ಓದಿ ಹೇಳುತ್ತಲೇ ಇರಬೇಕು. ಬಹಳ ಮನೆಗಳಲ್ಲಿ ಒಂದನೇ ಕ್ಲಾಸಿಗೆ ಹೋದ ದಿನವೇ ‘ಇನ್ನು ನೀನೇ ಓದಿಕೋ’ ಎಂದು ಕತೆ ನಿಲ್ಲಿಸುತ್ತಾರೆ. ಪುಸ್ತಕದ ಮೇಲಿನ ಪ್ರೀತಿ ಹೋಗುವುದು ಅಲ್ಲಿಯೇ ಎಂದು ಮೂವತ್ತು ವರ್ಷದ ಪಾಠದ ಅನುಭವದಿಂದ ಹೇಳಬಲ್ಲೆ. ಎಂಟನೇ ತರಗತಿಗೆ ನನ್ನ ಹತ್ತಿರ ಬರುವ ಹೊತ್ತಿಗೆ ಅದನ್ನು ಪುನಃ ಹುಟ್ಟಿಸುವುದು ಕಷ್ಟದ ಕೆಲಸ.

ಓದಿ ಹೇಳುವಾಗ ಭಾಷೆಯ ತೊಡಕೂ ಉಂಟು. ನಮ್ಮ ಮಕ್ಕಳ ಮನೆಮಾತು ಕುಂದಗನ್ನಡ, ಬ್ರಹ್ಮಾವರದ ಕಡೆ ಎಷ್ಟೋ ಮನೆಗಳಲ್ಲಿ ತುಳು, ಕೆಲವೆಡೆ ಕೊಂಕಣಿ. ಪುಸ್ತಕದ ಕನ್ನಡ ಇವರಿಗೆ ಅರ್ಧ ಪರಭಾಷೆಯೇ. ಮೊದಲು ಕತೆಯನ್ನು ಮನೆಯ ಮಾತಿನಲ್ಲಿ ಹೇಳಿ, ಆಮೇಲೆ ಪುಸ್ತಕದಲ್ಲಿ ಇದ್ದ ಹಾಗೆ ಓದಿ. ಮನೆಮಾತು ಬಳಸಿದರೆ ಕನ್ನಡ ಕೆಡುತ್ತದೆ ಎನ್ನುವವರಿಗೆ ಕಿವಿಗೊಡಬೇಡಿ. ನಮ್ಮ ಕರಾವಳಿಯಲ್ಲಿ ಮಕ್ಕಳ ಸಾಹಿತ್ಯಕ್ಕಾಗಿ 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದ ಪಂಜೆ ಮಂಗೇಶರಾಯರು ಬಂಟ್ವಾಳದವರು. ಅವರ ಪದ್ಯಗಳು ಇಂದಿಗೂ ಮಕ್ಕಳ ಬಾಯಲ್ಲಿ ನಿಂತಿರುವುದು ಕಿವಿಗೆ ಇಂಪಾಗಿರುವುದರಿಂದ.

ಯಕ್ಷಗಾನದ ಪ್ರಸಂಗ ಪುಸ್ತಕಗಳನ್ನೂ ಯಾಕೆ ಕೊಡಬಾರದು? ಉಡುಪಿಯ ಪಾವಂಜೆ ಗುರುರಾಯರು ಅಚ್ಚು ಹಾಕಿಸಿದ ತೆಳು ಪ್ರಸಂಗಗಳು ಒಂದು ಕಾಲಕ್ಕೆ ನಮ್ಮ ಹಳ್ಳಿಮನೆಗಳ ಅಟ್ಟದಲ್ಲಿ ಸಿಗುತ್ತಿದ್ದವು. ಆಟ ನೋಡಿ ಪದ ಬಾಯಿಪಾಠವಾದ ಹುಡುಗ ಅದೇ ಪದವನ್ನು ಅಚ್ಚಿನಲ್ಲಿ ಕಂಡರೆ, ಗೊತ್ತಿರುವ ಶಬ್ದದ ಬಲದಿಂದ ಗೊತ್ತಿಲ್ಲದ ಒತ್ತಕ್ಷರವನ್ನು ಹಿಡಿದುಬಿಡುತ್ತಾನೆ. ಯಾವ ತರಬೇತಿ ಶಿಬಿರದಲ್ಲೂ ಇದನ್ನು ನಮಗೆ ಹೇಳಿಕೊಟ್ಟಿಲ್ಲ.

‘ಚಂದಮಾಮ’ ಇಲ್ಲವಲ್ಲ ಎಂದು ಮರುಗುವವರು ಬಹಳ. ಕನ್ನಡದಲ್ಲಿ 1949ರಿಂದ ಬರುತ್ತಿದ್ದ ಅದು ನಿಂತದ್ದು ನನಗೂ ಬೇಸರವೇ. ಆದರೆ ಪುಸ್ತಕ ಇಲ್ಲ, ದುಡ್ಡಿಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯತ್ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಈಗ ಅವುಗಳಿಗೆ ‘ಅರಿವು ಕೇಂದ್ರ’ ಎಂದು ಹೆಸರು. ನಿಮ್ಮ ಮನೆ ತೆರಿಗೆಯ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಎಂಬ ಸಾಲು ಇರುತ್ತದೆ. 1965ರ ಕಾನೂನಿನ ಪ್ರಕಾರ ಕಟ್ಟುತ್ತಾ ಬಂದಿದ್ದೀರಿ. ದುಡ್ಡು ಕೊಟ್ಟು ಪುಸ್ತಕ ತಾರದೆ ಇರುವವರು ನಾವು!

ಕಾನೂನಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 2010ರ ಏಪ್ರಿಲಿನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಗುವಿಗೆ ಶಾಲೆಯ ಹಕ್ಕನ್ನು ಕೊಟ್ಟಿದೆ. ಮನೆಯಲ್ಲೇ ಕಲಿಸುವವರ ಬಗ್ಗೆ ಅದು ಬಿಡಿಸಿ ಹೇಳಿಲ್ಲ. ಹಾಗೆ ಕಲಿತವರು 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ಪರೀಕ್ಷೆ ಕಟ್ಟಬಹುದು. ನಾನು ಶಾಲೆಯ ಮಾಸ್ಟ್ರು. ಮಕ್ಕಳನ್ನು ಶಾಲೆ ಬಿಡಿಸಿ ಎಂದು ಯಾರಿಗೂ ಹೇಳುವುದಿಲ್ಲ. ಜತೆಯ ಮಕ್ಕಳೊಡನೆ ಜಗಳವಾಡಿ ಕಲಿಯುವುದು ಮನೆಯಲ್ಲಿ ಸಿಗುವುದು ಕಷ್ಟ. ಆದರೆ ಶಾಲೆ ಬಿಡಿಸಿ ಮನೆಯೊಳಗೆ ಇನ್ನೊಂದು ಶಾಲೆ ಕಟ್ಟಿದರೆ, ಅದೂ ಗಂಟೆ ಸಮೇತ, ಬಿಡಿಸಿದ್ದು ಯಾತಕ್ಕೆ?

ನನ್ನ ತರಗತಿಯಲ್ಲಿ ವಿದ್ಯುತ್ತಿನ ಪಾಠ ಬಂದಾಗಲೆಲ್ಲ ಫ್ಯಾರಡೆಯ ಕತೆ ಹೇಳುತ್ತೇನೆ. ಕಮ್ಮಾರನ ಮಗ, ಓದಿಸಲು ಗತಿ ಇಲ್ಲ. 1805ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ, ಲಂಡನ್ನಿನ ಪುಸ್ತಕ ಬೈಂಡು ಮಾಡುವ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಬೈಂಡಿಗೆ ಬಂದ ವಿಶ್ವಕೋಶದಲ್ಲಿ ವಿದ್ಯುತ್ತಿನ ಲೇಖನ ಕಣ್ಣಿಗೆ ಬಿತ್ತು. ಜೇನ್ ಮಾರ್ಸೆಟ್ ಎಂಬ ಹೆಂಗಸು ಜನರಿಗಾಗಿ ಬರೆದ ರಸಾಯನಶಾಸ್ತ್ರದ ಪುಸ್ತಕವೂ ಕೈಗೆ ಬಂತು. ಅಂಗಡಿಯ ಯಜಮಾನ ‘ಓದಬೇಡ, ಹೊಲಿ’ ಎಂದು ಗದರಿದ್ದರೆ ಏನಾಗುತ್ತಿತ್ತೋ. ಅವನು ಗದರಲಿಲ್ಲ.

ಸಾಲಿಗ್ರಾಮದ ಮನೆಗೆ ಮೊನ್ನೆ ಪುನಃ ಹೋಗಿದ್ದೆ. ಹಿತ್ತಾಳೆಯ ತಟ್ಟೆ ದೇವರ ಕೋಣೆಗೆ ಹೋಗಿದೆ. ಪುಸ್ತಕಗಳು ಚಾವಡಿಯ ಕೆಳಗಿನ ಹಲಗೆಗೆ ಬಂದಿವೆ, ಎರಡನ್ನು ಚಿಕ್ಕವಳು ಹರಿದದ್ದೂ ಆಗಿದೆ. ರಾತ್ರಿ ಊಟದ ಮೇಲೆ ಅಂಗಡಿ ಮುಚ್ಚಿ ಬಂದ ಅಪ್ಪಯ್ಯ ಅರ್ಧ ಗಂಟೆ ಓದಿ ಹೇಳುತ್ತಾರೆ. ಅಪ್ಪಯ್ಯನಿಗೇ ನಿದ್ದೆ ಬರುವುದೂ ಉಂಟಂತೆ. ಹುಡುಗ ಮಾತ್ರ ಎರಡು ತಿಂಗಳಿಂದ ಅದೇ ಕೀಟಗಳ ಪುಸ್ತಕಕ್ಕೆ ಅಂಟಿಕೊಂಡಿದ್ದಾನೆ. ಬೇರೆ ಪುಸ್ತಕ ಮುಟ್ಟುವುದಿಲ್ಲ ಎಂದು ತಾಯಿಗೆ ಹೊಸ ಚಿಂತೆ. ಒಂದೇ ಪುಸ್ತಕವನ್ನು ಇಪ್ಪತ್ತು ಸಲ ಓದಿದವನಿಗೆ ಆ ಪುಟಗಳ ಅಕ್ಷರವೆಲ್ಲ ಕೈವಶವಾಗಿರುತ್ತದೆ, ಚಿಂತೆ ಬೇಡ ಎಂದೆ.

ಜೂನ್‌ನಲ್ಲಿ ಊರಿನ ಸರಕಾರಿ ಶಾಲೆಗೆ ಸೇರಿಸುವುದೋ, ಇನ್ನೊಂದು ವರ್ಷ ಮನೆಯೋ ಎಂದು ಅವರು ನಿರ್ಧರಿಸಿಲ್ಲ. ಹುಡುಗನನ್ನೇ ಕೇಳಿ ಎಂದು ಹೇಳಿ ಬಂದಿದ್ದೇನೆ. ನಾನು ಹೊರಡುವಾಗ ಅವನು ಜಗಲಿಯಲ್ಲಿ ಅಜ್ಜಿಗೆ ಗೆದ್ದಲಿನ ಪುಟ ಓದಿ ಹೇಳುತ್ತಿದ್ದ. ಅಜ್ಜಿಗೆ ಓದು ಬಾರದು. ‘ರಾಣಿ ಗೆದ್ಲ್ ಅಷ್ಟ್ ದೊಡ್ಡದಾ ಮಗಾ? ಇನ್ನೊಂದ್ ಸಲ ಓದ್’ ಎನ್ನುತ್ತಿದ್ದರು.